ಎಣಿಕೆಗೆ ಸಿಗುವ ಜಾಕೆಟ್, ಮೈಗೆ ಕೂರದ ಜಾಕೆಟ್

ದೋಣಿವಿಹಾರಕ್ಕೆ ಟಿಕೆಟ್ ಕೊಂಡವರ ಕೈಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಒಂದನ್ನು ಕೊಡುವುದು ಈಗ ಕರ್ನಾಟಕದ ಬಹುಪಾಲು ಕಡೆ ರೂಢಿಯಾಗಿದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಡುವ ಬೋಟಿನಲ್ಲಿ, ಶರಾವತಿ ಹಿನ್ನೀರಿನಲ್ಲಿ, ಕಾವೇರಿಯ ಹರಿಗೋಲಿನಲ್ಲಿ, ಊರ ಕೆರೆಯ ಪೆಡಲ್ ಬೋಟಿನಲ್ಲೂ ಅದು ಕಾಣಸಿಗುತ್ತದೆ. ಒಂದು ಕಾಲಕ್ಕೆ ಇದೂ ಇರಲಿಲ್ಲ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಆದರೂ ಈ ರೂಢಿಯನ್ನು ಹತ್ತಿರದಿಂದ ನೋಡಿದಷ್ಟೂ ಒಂದು ಕೊರತೆ ಎದ್ದು ಕಾಣುತ್ತದೆ. ನಾವು ಜಾಕೆಟ್‌ಗಳನ್ನು ಎಣಿಸುತ್ತೇವೆ, ಯಾರ ಮೈಗೂ ಅಳೆದು ಕೂರಿಸುವುದಿಲ್ಲ. ಸೀಟಿಗೊಂದು ಜಾಕೆಟ್ ಇದ್ದರೆ ಮಾಲೀಕರಿಗೆ ನೆಮ್ಮದಿ, ಕೈಗೆ ಒಂದು ಸಿಕ್ಕರೆ ಪ್ರವಾಸಿಗರಿಗೂ ನೆಮ್ಮದಿ. ಅದು ಎಂಥ ಜಾಕೆಟ್, ಯಾರಿಗಾಗಿ ಮಾಡಿದ್ದು, ನೀರಿಗೆ ಬಿದ್ದರೆ ಏನು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದ ಕಾರಣಗಳು ನಮ್ಮ ಮುಂದೆಯೇ ಇವೆ. 2019ರ ಜನವರಿ 21ರಂದು ಕಾರವಾರದ ಹತ್ತಿರ, ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ಬೋಟು ಸಮುದ್ರದಲ್ಲಿ ಮಗುಚಿ 16 ಜನ ಸತ್ತರು. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಜೀವ ಬಿಟ್ಟರು. ಆ ದೋಣಿಯಲ್ಲಿ ಎಲ್ಲ ಮಕ್ಕಳಿಗೂ ಜಾಕೆಟ್ ಇರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಮುಂಬಯಿ ಬಂದರಿನೊಳಗೆ ನೌಕಾಪಡೆಯ ಸ್ಪೀಡ್ ಬೋಟು ನೀಲಕಮಲ್ ಎಂಬ ಪ್ರಯಾಣಿಕರ ಬೋಟಿಗೆ ಅಪ್ಪಳಿಸಿತು. ಗೇಟ್‌ವೇ ಆಫ್ ಇಂಡಿಯಾದಿಂದ ಹೊರಡುವವರು ಜಾಕೆಟ್ ತೊಡಲೇಬೇಕು ಎಂಬ ಕಟ್ಟಪ್ಪಣೆ ಬಂದದ್ದು ಅದಾದ ಮೇಲೆ. ಪ್ರತಿ ದುರಂತದ ನಂತರವೂ ನಮ್ಮ ಚರ್ಚೆ ಜಾಕೆಟ್ ಇತ್ತೇ ಇಲ್ಲವೇ ಎಂಬಲ್ಲಿಗೆ ನಿಂತುಬಿಡುತ್ತದೆ. ನಿಜವಾದ ಪ್ರಶ್ನೆಗಳು ಅಲ್ಲಿಂದ ಮುಂದೆ ಶುರುವಾಗಬೇಕು.

ಮೊದಲನೆಯದು ಆಯ್ಕೆ. ಲೈಫ್ ಜಾಕೆಟ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವ ವಸ್ತುವಿನಲ್ಲಿ ಬೇರೆ ಬೇರೆ ದರ್ಜೆಗಳಿವೆ. ಅಂತರರಾಷ್ಟ್ರೀಯ ಮಾನದಂಡ ಅವನ್ನು ನ್ಯೂಟನ್ ಲೆಕ್ಕದಲ್ಲಿ 50, 100, 150, 275 ಎಂದು ವಿಂಗಡಿಸುತ್ತದೆ. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಭಾರವನ್ನು ಎತ್ತಿಹಿಡಿಯುವ ಬಲ. ಮನುಷ್ಯನ ದೇಹ ನೀರಿನಲ್ಲಿ ತಾನಾಗಿಯೇ ಬಹುಮಟ್ಟಿಗೆ ತೇಲುವುದರಿಂದ ತಲೆಯನ್ನು ಮೇಲೆ ಹಿಡಿಯಲು ನಾಲ್ಕೈದು ಕಿಲೋ ಬಲ ಸಿಕ್ಕರೂ ಸಾಕಾಗುತ್ತದೆ. ಹಾಗಾದರೆ 150 ಏಕೆ ಬೇಕು? ತೇಲಿಸುವುದು ಒಂದು ಕೆಲಸ, ಮಗ್ಗುಲು ತಿರುಗಿಸುವುದು ಇನ್ನೊಂದು. ನೀರಿಗೆ ಬಿದ್ದ ರಭಸಕ್ಕೆ ಎಚ್ಚರ ತಪ್ಪಿದವರು, ದೋಣಿಯ ಅಂಚಿಗೆ ತಲೆ ಬಡಿದವರು, ಗಾಬರಿಯಲ್ಲಿ ಮುಖ ಕೆಳಗಾಗಿ ಬಿದ್ದವರು ತಮ್ಮನ್ನು ತಾವು ಅಂಗಾತ ಮಾಡಿಕೊಳ್ಳಲಾರರು. ಎದೆಯ ಭಾಗದಲ್ಲಿ ದಪ್ಪ ಫೋಮ್, ಕತ್ತಿನ ಹಿಂದೆ ಕಾಲರ್ ಇರುವ ಜಾಕೆಟ್ ಅವರನ್ನು ಮುಖ ಮೇಲಾಗುವಂತೆ ತಿರುಗಿಸಿ ಹಿಡಿಯಲೆಂದೇ ಆ ಆಕಾರದಲ್ಲಿರುತ್ತದೆ. ಶಾಂತ ನೀರಿಗೆ 100, ಕಡಲಿಗೆ 150.

50 ನ್ಯೂಟನ್ನಿನ ತೆಳು ಅಂಗಿಯ ವಿಷಯ ಬೇರೆ. ಅದು ತೇಲಲು ನೆರವಾಗುತ್ತದೆಯೇ ಹೊರತು ಯಾರನ್ನೂ ತಿರುಗಿಸುವುದಿಲ್ಲ. ಈಜು ಬಲ್ಲವರಿಗೆ, ದಡದ ಬಳಿ ಇರುವವರಿಗೆ, ಕೂಗಿದರೆ ನೆರವು ಸಿಗುವಷ್ಟು ಹತ್ತಿರವಿರುವವರಿಗೆ ಅದನ್ನು ರೂಪಿಸಿದ್ದು ಎಂದು ಮಾನದಂಡವೇ ಹೇಳುತ್ತದೆ. ನಮ್ಮ ವಿಹಾರ ದೋಣಿ ಹತ್ತುವವರು ಯಾರೆಂದು ಒಮ್ಮೆ ಯೋಚಿಸಿ. ಅಜ್ಜಿ, ಸೊಸೆ, ಮೊಮ್ಮಗು, ಬಯಲುಸೀಮೆಯಿಂದ ಬಸ್ಸು ಮಾಡಿಕೊಂಡು ಬಂದ ಶಾಲಾಮಕ್ಕಳು. ಈಜು ಬಲ್ಲವರು ಅವರಲ್ಲಿ ಬಲು ಕಡಿಮೆ. ಈಜುಗಾರರಿಗಾಗಿ ಮಾಡಿದ ಅಂಗಿಯನ್ನು ಈಜು ಬಾರದವರಿಗೆ ತೊಡಿಸಿ ನಡು ಹಿನ್ನೀರಿಗೆ ಕರೆದೊಯ್ಯುವುದು ನಮ್ಮ ಆಯ್ಕೆಯ ಅತಿ ದೊಡ್ಡ ತಪ್ಪು. ತೆಳು ಅಂಗಿ ಅಗ್ಗ, ಕಡಿಮೆ ಜಾಗದಲ್ಲಿ ಅಟ್ಟಿ ಹಾಕಬಹುದು, ಸೆಕೆಯಾಗುತ್ತದೆಂದು ಪ್ರವಾಸಿಗರೂ ಗೊಣಗುವುದಿಲ್ಲ. ಈ ಅನುಕೂಲಗಳೆಲ್ಲ ದಡದ ಮೇಲಿನ ಅನುಕೂಲಗಳು. ಮಲೆನಾಡಿನ ಹೋಂಸ್ಟೇಗಳವರು ಈಚೆಗೆ ಆನ್‌ಲೈನ್‌ನಲ್ಲಿ ಕಯಾಕ್ ತರಿಸುತ್ತಿದ್ದಾರೆ. ಜೊತೆಗೆ ತರಿಸುವ ಜಾಕೆಟ್‌ಗಳಲ್ಲಿ ಎಷ್ಟೋ ಸಲ ದರ್ಜೆಯ ಗುರುತಾಗಲಿ ಎಷ್ಟು ತೂಕದವರಿಗೆ ಎಂಬ ಚೀಟಿಯಾಗಲಿ ಇರುವುದೇ ಇಲ್ಲ. ಒಳಗೆ ಹೊಲಿದ ಚೀಟಿಯಲ್ಲಿ ಮಾನದಂಡದ ಸಂಖ್ಯೆ, ನ್ಯೂಟನ್, ತೊಡುವವರ ತೂಕದ ಮಿತಿ ಈ ಮೂರೂ ಇಲ್ಲದ ಜಾಕೆಟ್ಟನ್ನು ನಾನು ಉಚಿತವಾಗಿ ಕೊಟ್ಟರೂ ಮುಟ್ಟುವುದಿಲ್ಲ.

ಚೆನ್ನಾಗಿ ಮಾಡುವವರೂ ನಮ್ಮಲ್ಲೇ ಇದ್ದಾರೆ. ದಾಂಡೇಲಿ ಕಡೆ ಕಾಳಿಯಲ್ಲಿ ರಾಫ್ಟಿಂಗ್‌ಗೆ ಇಳಿಸುವ ಅನುಭವಿ ಗೈಡುಗಳು ಮಾಡುವ ಕೆಲಸವನ್ನು ನೋಡಿ. ಒಬ್ಬೊಬ್ಬರನ್ನೂ ಎದುರು ನಿಲ್ಲಿಸಿಕೊಳ್ಳುತ್ತಾರೆ. ಬದಿಯ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಎಳೆದು ಬಿಗಿಸುತ್ತಾರೆ. ಆಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಜಾಕೆಟ್ಟನ್ನು ಜೋರಾಗಿ ಮೇಲಕ್ಕೆತ್ತುತ್ತಾರೆ. ಜಾಕೆಟ್ ಗದ್ದ ದಾಟಿ ಕಿವಿಯವರೆಗೆ ಬಂದರೆ ಮತ್ತೆ ಬಿಗಿಸುತ್ತಾರೆ, ಇಲ್ಲವೇ ಚಿಕ್ಕದನ್ನು ತರಿಸುತ್ತಾರೆ. ನೀರಿಗೆ ಬಿದ್ದರೆ ಅಂಗಾತ ಮಲಗಿ ಕಾಲನ್ನು ಹರಿವಿನ ಕಡೆ ಚಾಚಬೇಕೆಂದು ಹೇಳಿಕೊಡುತ್ತಾರೆ. ಒಬ್ಬರಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ನೀರು ಭೋರ್ಗರೆಯುವ ಕಡೆ ಇಷ್ಟು ಎಚ್ಚರ ಇರುವಾಗ ನಿಶ್ಚಲವಾಗಿ ಕಾಣುವ ಹಿನ್ನೀರಿನಲ್ಲಿ ಏಕಿಲ್ಲ? ಅಲ್ಲಿ ಅಪಾಯ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಲಿಂಗನಮಕ್ಕಿಯಂಥ ಜಲಾಶಯದಲ್ಲಿ ಮುಳುಗಿದ ಮರದ ಬೊಡ್ಡೆಗಳು ನೀರಿನ ಮಟ್ಟ ಇಳಿದಂತೆ ದೋಣಿಯ ತಳಕ್ಕೆ ಹತ್ತಿರವಾಗುತ್ತವೆ.

ಸೀರೆ ಉಟ್ಟವರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಪಟ್ಟಿ ಬಿಗಿಸಲು ಗಂಡಸು ಸಿಬ್ಬಂದಿ ಮುಂದೆ ಬಂದರೆ ಹೆಂಗಸರಿಗೆ ಸಂಕೋಚ. ಆತ ಮುಂದೆ ಬರಲು ಹಿಂಜರಿಯುತ್ತಾನೆ. ಹೀಗಾಗಿ ಜಾಕೆಟ್ ಸೆರಗಿನ ಮೇಲೆ ಶಾಲು ಹೊದೆದಂತೆ ಕೂತಿರುತ್ತದೆ, ಬಕಲ್‌ಗಳು ಬಿಚ್ಚಿ ಜೋಲುತ್ತಿರುತ್ತವೆ. ಹಾಗೆ ಬಿಟ್ಟ ಜಾಕೆಟ್ ನೀರಿಗೆ ಬಿದ್ದೊಡನೆ ತಾನು ಮೇಲೆ ಬರುತ್ತದೆ, ತೊಟ್ಟವರು ಅದರ ಕೆಳಗಿನಿಂದ ಜಾರುತ್ತಾರೆ. ಬೈಕಿನ ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ಟಿನಷ್ಟೇ ಅದರ ಉಪಯೋಗ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಜಾಕೆಟ್ ತೊಟ್ಟು ಎಲ್ಲ ಬಕಲ್ ಹಾಕಬೇಕು. ತೊಡಿಸಲು ಪ್ರತಿ ಕಟ್ಟೆಯಲ್ಲೂ ಮಹಿಳಾ ಸಿಬ್ಬಂದಿ ಬೇಕು. ಇದಕ್ಕೆ ತಗಲುವ ಖರ್ಚು ಒಂದು ಹೊಸ ಎಂಜಿನ್ನಿನ ಮುಂದೆ ಏನೂ ಅಲ್ಲ.

ಮಕ್ಕಳದ್ದು ಇದಕ್ಕಿಂತ ಗಂಭೀರ. ಬಹುತೇಕ ಕಡೆ ಇರುವುದು ‘ಫ್ರೀ ಸೈಜ್’ ಎಂಬ ಒಂದೇ ಅಳತೆ. ಅಂಥದ್ದನ್ನು ಆರು ವರ್ಷದ ಮಗುವಿಗೆ ಹಾಕಿದರೆ ತೋಳು ಮೇಲೆತ್ತಿದ ಕ್ಷಣ ಮಗು ಕೆಳಗಿನಿಂದ ಜಾರಿಹೋಗುತ್ತದೆ. ಮಕ್ಕಳ ಜಾಕೆಟ್ಟನ್ನು ವಯಸ್ಸು ನೋಡಿ ಕೊಳ್ಳಬಾರದು, ತೂಕ ನೋಡಿ ಕೊಳ್ಳಬೇಕು. ತೊಡೆಗಳ ನಡುವೆ ಹಾದು ಮುಂದೆ ಸಿಕ್ಕುವ ಪಟ್ಟಿ, ತಲೆಯನ್ನು ಆನಿಸುವ ಕಾಲರ್, ಮೇಲೆತ್ತಲು ಹಿಡಿಕೆ ಇರಬೇಕು. ಬೆಳೆಯುವ ಮಗು ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದನ್ನು ಕೊಳ್ಳುವ ನಮ್ಮ ಅಭ್ಯಾಸ ಚಡ್ಡಿ ಅಂಗಿಗಷ್ಟೇ ಇರಲಿ.

ಇನ್ನು ನಿರ್ವಹಣೆ. ಕರಾವಳಿಯ ಒಂದು ದೋಣಿಕಟ್ಟೆಯಲ್ಲಿ ಮೂಲೆಯ ರಾಶಿಯಿಂದ ಒಂದು ಜಾಕೆಟ್ ಎತ್ತಿ ನೋಡಿದ್ದೆ. ಭುಜದ ಬಟ್ಟೆ ಬಿಸಿಲಿಗೆ ಬಿಳಿಚಿ ಉಗುರಿನಿಂದ ಕೆರೆದರೆ ಪುಡಿಯಾಗುತ್ತಿತ್ತು. ಹೊಲಿಗೆಯ ನೂಲಿನ ಉದ್ದಕ್ಕೂ ಉಪ್ಪು ಹರಳುಗಟ್ಟಿತ್ತು. ಒಂದು ಬಕಲಿನ ಹಲ್ಲು ಮುರಿದು ಅದರ ಜಾಗದಲ್ಲಿ ನೈಲಾನ್ ಹಗ್ಗ ಕಟ್ಟಿದ್ದರು. ಸೀಟಿ ಇರಬೇಕಾದ ಕಡೆ ಬರಿಯ ದಾರ. ಚೀಟಿಯ ಅಕ್ಷರ ಅಳಿಸಿಹೋಗಿತ್ತು. ಫೋಮ್ ಹಿಚುಕಿದರೆ ಮರಳಿ ಉಬ್ಬಲಿಲ್ಲ, ಏಕೆಂದರೆ ಮಧ್ಯಾಹ್ನ ಆ ರಾಶಿಯೇ ಕೆಲಸಗಾರರ ಹಾಸಿಗೆ. ಫೋಮಿನ ಒಳಗಿರುವ ಸಣ್ಣ ಸಣ್ಣ ಗಾಳಿಗೂಡುಗಳೇ ನಮ್ಮನ್ನು ತೇಲಿಸುವುದು. ಮೇಲೆ ಕೂತು, ಮಲಗಿ ಅವನ್ನು ಚಪ್ಪಟೆಯಾಗಿಸಿದರೆ ಆ ಬಲ ಮತ್ತೆ ಬರುವುದಿಲ್ಲ. ಆದರೆ ಲೆಕ್ಕಕ್ಕೆ ಅದೂ ಒಂದು ಜಾಕೆಟ್.

ಅದನ್ನು ಸರಿಯಾಗಿಡುವುದು ಕಷ್ಟದ ವಿದ್ಯೆಯೇನಲ್ಲ. ಉಪ್ಪುನೀರಿನಲ್ಲಿ ಬಳಸಿದ ದಿನವೇ ಸಿಹಿನೀರಿನಲ್ಲಿ ಜಾಲಿಸಬೇಕು. ನೆರಳಿನಲ್ಲಿ, ಗಾಳಿಯಾಡುವ ಕಡೆ ನೇತುಹಾಕಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಬಟ್ಟೆಯೂ ನೂಲೂ ಲಡ್ಡಾಗುತ್ತವೆ, ಒದ್ದೆಯಾಗಿ ಅಟ್ಟಿ ಹಾಕಿದರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬ್ಲೀಚು, ಪೆಟ್ರೋಲು, ಸೀಮೆಎಣ್ಣೆ ಸೋಕಿಸಬಾರದು. ಕಲೆಗೆ ಸೌಮ್ಯ ಸಾಬೂನು ಸಾಕು. ಮಳೆಗಾಲ ಮುಗಿದು ದೋಣಿ ಮತ್ತೆ ನೀರಿಗಿಳಿಯುವ ಮೊದಲು ಪ್ರತಿ ಜಾಕೆಟ್ಟನ್ನೂ ಒಬ್ಬರು ತೊಟ್ಟು, ನೆಲ ಸಿಗುವಷ್ಟು ನೀರಿನಲ್ಲಿ, ಕಾಲು ಮಡಿಸಿ ತೇಲಿ ನೋಡಬೇಕು. ಗದ್ದ ನೀರಿನ ಮೇಲೆ ನಿಲ್ಲದಿದ್ದರೆ ಆ ಜಾಕೆಟ್ಟನ್ನು ಕತ್ತರಿಸಿ ಎಸೆಯಬೇಕು. ಕತ್ತರಿಸದೆ ಬಿಟ್ಟರೆ ಜನ ಹೆಚ್ಚಾದ ಭಾನುವಾರ ಅದು ಮತ್ತೆ ಹೊರಬರುತ್ತದೆ.

ಗಾಳಿ ತುಂಬುವ ಜಾಕೆಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಯಿದೋಣಿ ನಡೆಸುವವರಿಗೆ ಅವು ಹಗುರ, ಹಿತ. ಆದರೆ ಅವಕ್ಕೆ ಶಿಸ್ತು ಬೇಕು. ಅನಿಲದ ಸಿಲಿಂಡರನ್ನು ತಿರುವಿ ಬಿಗಿಸಿದೆಯೇ ಎಂದು ನೋಡುವುದು, ಅದರ ಮೇಲೆ ಕೊರೆದ ತೂಕಕ್ಕೆ ತಕ್ಕಡಿಯಲ್ಲಿ ತಾಳೆ ಹಾಕುವುದು, ನೀರು ಸೋಕಿದರೆ ಕರಗುವ ಗುಳಿಗೆಯನ್ನು ಅವಧಿ ಮುಗಿಯುವ ಮೊದಲು ಬದಲಿಸುವುದು, ಬಾಯಿಂದ ಊದಿ ಒಂದು ರಾತ್ರಿ ಬಿಟ್ಟು ಸೋರಿಕೆ ಪರೀಕ್ಷಿಸುವುದು ಎಲ್ಲ ಮಾಲೀಕನ ಹೊಣೆ. ಸಾವಿರ ಕೈ ಬದಲಾಗುವ ಬಾಡಿಗೆ ದೋಣಿಗೆ, ಮಕ್ಕಳಿಗೆ, ಈಜು ಬಾರದವರಿಗೆ ಅವು ತಕ್ಕುದಲ್ಲ.

ಜಾಕೆಟ್ಟಿನ ಮಿತಿಯನ್ನೂ ಹೇಳದೆ ಬಿಟ್ಟರೆ ಈ ವಿಮರ್ಶೆ ಅರ್ಧವಾಗುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಜಲಕನ್ಯಕ ಎಂಬ ದೋಣಿ ಮಗುಚಿ 45 ಜನ, 2023ರ ಮೇ 7ರಂದು ಅದೇ ರಾಜ್ಯದ ತಾನೂರಿನಲ್ಲಿ 22 ಜನ ಸತ್ತರು. ಎರಡೂ ಎರಡಂತಸ್ತಿನ ದೋಣಿಗಳು. ಮುಚ್ಚಿದ ಕೆಳ ಅಂತಸ್ತಿನಲ್ಲಿ ಕೂತವರನ್ನು ದೋಣಿ ಮಗುಚಿದಾಗ ಜಾಕೆಟ್ಟಿನ ಅದೇ ತೇಲುಬಲ ಮೇಲಿನ ಹಲಗೆಗೆ ಒತ್ತಿ ಹಿಡಿಯಬಲ್ಲದು. ಮಿತಿಮೀರಿ ಜನ ತುಂಬಿದ, ಮೇಲ್ಭಾಗ ಭಾರವಾದ, ಕಿಟಕಿ ಮುಚ್ಚಿದ ದೋಣಿಯ ತಪ್ಪನ್ನು ಯಾವ ಜಾಕೆಟ್ಟೂ ತಿದ್ದಲಾರದು. ತೆರೆದ ದೋಣಿಯಲ್ಲಿ ಮಾತ್ರ ಅದು ತನ್ನ ಪೂರ್ತಿ ಕೆಲಸ ಮಾಡುತ್ತದೆ, ಅದೂ ಮೊದಲೇ ತೊಟ್ಟಿದ್ದರೆ. 1861ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ವಿಟ್‌ಬಿಯಲ್ಲಿ ರಕ್ಷಣಾ ದೋಣಿಯೊಂದು ಮಗುಚಿ 13 ಮಂದಿಯಲ್ಲಿ 12 ಮಂದಿ ಸತ್ತರು. ಬದುಕಿದ ಹೆನ್ರಿ ಫ್ರೀಮನ್ ಒಬ್ಬರೇ ಹೊಸ ಮಾದರಿಯ ಕಾರ್ಕ್ ಜಾಕೆಟ್ ತೊಟ್ಟಿದ್ದರು. ಅಂದು ಸತ್ತವರೆಲ್ಲ ನೀರು ಬಲ್ಲ ಕಡಲಿಗರು. ನಮ್ಮ ದೋಣಿ ನಡೆಸುವವರು ಜಾಕೆಟ್ ತೊಡದೆ ಚುಕ್ಕಾಣಿ ಹಿಡಿಯುವುದು ನನಗೆ ಸರಿಕಾಣುವುದಿಲ್ಲ. ಪ್ರವಾಸಿಗರು ಅವರನ್ನು ನೋಡಿಯೇ ಬಕಲ್ ಬಿಚ್ಚುತ್ತಾರೆ. ಅಪಘಾತವಾದರೆ ಉಳಿದವರನ್ನು ಎತ್ತಬೇಕಾದವರೂ ಅವರೇ.

ಓದುಗರಲ್ಲಿ ಒಂದು ಕೋರಿಕೆ. ಈ ರಜೆಯಲ್ಲಿ ದೋಣಿ ಹತ್ತುವ ಮೊದಲು ಜಾಕೆಟ್ಟಿನ ಒಳಗಿನ ಚೀಟಿ ಓದಿ, ಎಲ್ಲ ಬಕಲ್ ಹಾಕಿಕೊಳ್ಳಿ, ಜೊತೆಯವರಿಗೆ ಭುಜ ಹಿಡಿದು ಎತ್ತಿ ನೋಡಲು ಹೇಳಿ. ನಿಮ್ಮ ಮಗುವಿನ ತೂಕಕ್ಕೆ ತಕ್ಕ ಜಾಕೆಟ್ ಇದೆಯೇ ಎಂದು ಟಿಕೆಟ್ ಕೊಳ್ಳುವ ಮುನ್ನವೇ ಕೇಳಿ. ಇಲ್ಲವೆಂದರೆ ಮಗುವನ್ನು ದೋಣಿ ಹತ್ತಿಸಬೇಡಿ, ಏಕೆ ಹತ್ತಿಸುವುದಿಲ್ಲ ಎಂಬುದನ್ನು ಸಾಲಿನಲ್ಲಿ ನಿಂತ ಉಳಿದವರಿಗೂ ಕೇಳಿಸುವಂತೆ ಹೇಳಿ.