ಯೋಜನೆಗಳ ಪರಿಣಾಮ ಅಂದಾಜು ಮತ್ತು ವಲಸೆ ಕಾರ್ಮಿಕರ ಆರೋಗ್ಯ
ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯು ಸಾರ್ವಜನಿಕ ಅಹವಾಲು ಸಭೆಯನ್ನು ಸ್ಥಳೀಯ ಬಾಧಿತರಿಗಾಗಿ ರೂಪಿಸಿದೆ. ಕೊರತೆಯಿರುವುದು ಈ ‘ಸ್ಥಳೀಯ’ ಎಂಬ ಪರಿಕಲ್ಪನೆಯಲ್ಲಿಯೇ. ಅನುಮತಿ ದೊರೆತ ಬಳಿಕ ಬರುವ ವಲಸೆ ಕಾರ್ಮಿಕನು ಆ ಸಭೆಯಲ್ಲಿ ಇರಲಾರನು. ಕಲ್ಲುಧೂಳಿನ ಸಿಲಿಕೋಸಿಸ್ ವರ್ಷಗಳ ತರುವಾಯ ಕಾಣಿಸಿಕೊಳ್ಳುವಾಗ ಆತ ಊರಿಗೆ ಮರಳಿರುತ್ತಾನೆ. ಕಾರ್ಮಿಕರಿಗೆ ತಾತ್ಕಾಲಿಕ ವಸತಿ, ಶೌಚಾಲಯ, ಕುಡಿಯುವ ನೀರು, ವೈದ್ಯಕೀಯ ನೆರವು ಒದಗಿಸಬೇಕೆಂಬ ಷರತ್ತು ಕಟ್ಟಡ ಯೋಜನೆಗಳ ಅನುಮತಿ ಪತ್ರಗಳಲ್ಲಿ ಉಂಟು, ನಿಜ. ಆದರೆ ಅದು ಸೌಕರ್ಯಗಳ ಪಟ್ಟಿಯೇ ಹೊರತು ಆರೋಗ್ಯದ ಅಂದಾಜಲ್ಲ. ಅಂಥ ಅಂದಾಜಿಲ್ಲದೆಡೆ ದೋಷಾರೋಪವೇ ಅದರ ಸ್ಥಾನ ಪಡೆಯುತ್ತದೆ. ಮಂಗಳೂರಿನ ಮಲೇರಿಯಾ ಕುರಿತ ಚರ್ಚೆಯಲ್ಲಿ ವಲಸಿಗನನ್ನು ರೋಗ ತಂದವನೆಂದು ಕಂಡಷ್ಟು, ಕಟ್ಟಡದಲ್ಲಿ ನಿಂತ ನೀರಿನ ಸೊಳ್ಳೆಗೆ ತುತ್ತಾದವನೆಂದು ಕಾಣಲಿಲ್ಲ. ಬಾಧಿತರು ಯಾರೆಂಬುದನ್ನು ವಾಸಸ್ಥಳದಿಂದಲ್ಲ, ಅವರು ಎದುರಿಸುವ ಅಪಾಯದಿಂದ ನಿರ್ಣಯಿಸಬೇಕು. ಬರಲಿರುವವರ ಆರೋಗ್ಯವೂ ಅನುಮತಿಗೆ ಮುನ್ನವೇ ವರದಿಯ ಲೆಕ್ಕಕ್ಕೆ ಸೇರಬೇಕು.