ಯುಗಾದಿಯ ಹಾಡು, ನೂರು ವರ್ಷದ ಹರಕೆ

ಯುಗಾದಿಯ ಬೆಳಗ್ಗೆ ಬೇವು-ಬೆಲ್ಲವನ್ನು ಅಂಗೈಗೆ ಹಾಕುವಾಗ ಮನೆಯ ಹಿರಿಯರು ಹೇಳುವ ಶ್ಲೋಕದ ಬೇಡಿಕೆ ಸ್ಪಷ್ಟವಾಗಿದೆ: ನೂರು ವರ್ಷದ ಆಯಸ್ಸು, ವಜ್ರದಂತಹ ಮೈ, ಸಕಲ ಸಂಪತ್ತು. ಅದೇ ಹೊತ್ತಿಗೆ ಪಕ್ಕದ ಮನೆಯಿಂದ ಬೇಂದ್ರೆಯವರ ‘ಯುಗಾದಿ’ ಕೇಳಿಬರುತ್ತದೆ. 1963ರ ‘ಕುಲವಧು’ ಚಿತ್ರದಲ್ಲಿ ಎಸ್. ಜಾನಕಿಯವರು ಹಾಡಿದ ಮೇಲಂತೂ ಆ ಕವಿತೆ ಹಬ್ಬದ ಒಂದು ಅಂಗವೇ ಆಗಿಹೋಗಿದೆ. ಆದರೆ ಶ್ಲೋಕ ಬೇಡುವುದೇ ಒಂದು, ಕವಿತೆ ಬೇಡುವುದೇ ಇನ್ನೊಂದು ಎಂಬುದನ್ನು ನಾವು ಗಮನಿಸಿದಂತೆ ಕಾಣುವುದಿಲ್ಲ.

ಇದು ಹರ್ಷಗೀತವೆಂಬುದು ರೂಢಿಯ ಮಾತು. ಹೊಂಗೆಯ ಹೂಗೊಂಚಲು, ದುಂಬಿಯ ಮೊರೆತ, ಬೇವಿನ ಹೂವಿನ ಪರಿಮಳ ತುಂಬಿರುವ ಮೊದಲ ಭಾಗಕ್ಕೆ ಆ ಮಾತು ಒಪ್ಪುತ್ತದೆ. ಅನಂತರ ಕವಿತೆ ಹೊರಳುತ್ತದೆ. ಸೃಷ್ಟಿಗೆಲ್ಲ ವರ್ಷವರ್ಷವೂ ದೊರೆಯುವ ಹೊಸತನ ಮನುಷ್ಯನಿಗೇಕಿಲ್ಲ? ನಮ್ಮ ಪಾಲಿಗೆ ಎಳೆತನವೂ ಯೌವನವೂ ಒಂದೇ ಸಲ ಬಂದು ಹೋಗಬೇಕೇಕೆ? ಇದು ಹರ್ಷವಲ್ಲ, ಆಕ್ಷೇಪಣೆ. ಕುಣಿಯುವ ಲಯದೊಳಗೆ ಇಂಥದೊಂದು ದೂರನ್ನು ಇರಿಸಿರುವುದು ಬೇಂದ್ರೆಯವರ ಹೆಚ್ಚಳ. ರಾಗಕ್ಕೆ ಮರುಳಾಗಿ ದೂರನ್ನು ಕೇಳಿಸಿಕೊಳ್ಳದಿರುವುದು ನಮ್ಮ ಕೊರತೆ.

ಕೊನೆಗೆ ಬರುವ ಸನತ್ಕುಮಾರನ ಸಂಬೋಧನೆ ಪುರಾಣದ ಪರಿಚಯವಿಲ್ಲದ ಓದುಗರಿಗೆ ತೊಡಕೇ ಸರಿ. ಆತ ಬ್ರಹ್ಮನ ಮಾನಸಪುತ್ರ, ಎಂದೆಂದಿಗೂ ಕುಮಾರ. ಶ್ಲೋಕ ಬೇಡುವ ಆಯಸ್ಸು ಬೇಡದೆಯೇ ಅವನಿಗಿದೆ. ಆದರೂ ಕವಿ ಅವನ ಮುಂದೆ ಕೈಯೊಡ್ಡುವುದಿಲ್ಲ. ಈ ಆಟ ನಿನಗೆ ರುಚಿಸದೇ ಎಂದು ಕೆಣಕುತ್ತಾನೆ. ನಮಗೆ ತೋರುವ ಮಟ್ಟಿಗೆ ಕವಿತೆಯ ತಿರುಳು ಇಲ್ಲಿದೆ. ಎಲೆ ಉದುರದ ಮರಕ್ಕೆ ಚಿಗುರುವ ಸುಖ ಎಲ್ಲಿಂದ ಬಂದೀತು? ಕವಿಗೆ ಬೇಕಾದುದು ಉದ್ದನೆಯ ಬಾಳಲ್ಲ, ಮತ್ತೆ ಮತ್ತೆ ತೊಡಗಬಲ್ಲ ಬಾಳು.

ಆ ಬೇಡಿಕೆ ಪೂರ್ತಿ ವಿಫಲವಾಯಿತೆನ್ನಲಾಗದು. 1896ರಲ್ಲಿ ಹುಟ್ಟಿದ ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ನೂರು ತುಂಬಲಿಲ್ಲ. ಆದರೆ ಅವರಿಗೆ 1973ರ ಜ್ಞಾನಪೀಠವನ್ನು ತಂದ ‘ನಾಕುತಂತಿ’ ಪ್ರಕಟವಾದದ್ದು 1964ರಲ್ಲಿ, ಅವರ 68ನೆಯ ವಯಸ್ಸಿನಲ್ಲಿ. ಬೇರೆಯವರು ವಿಶ್ರಾಂತಿ ಬಯಸುವ ಕಾಲದಲ್ಲಿ ಅವರು ಹೊಸ ಶ್ರುತಿ ಕೂಡಿಸುತ್ತಿದ್ದರು.

ವೈದ್ಯದ ಬಲದಿಂದ ಇಂದು ನಮ್ಮ ಮನೆಗಳಲ್ಲಿ ಆಯಸ್ಸು ಬೆಳೆದಿದೆ; ಶ್ಲೋಕದ ಹರಕೆ ಅರ್ಧ ಫಲಿಸಿದೆ. ಕವಿತೆಯ ದೂರು ಮಾತ್ರ ಇದ್ದಂತೆಯೇ ಇದೆ. ಬರುವ ಯುಗಾದಿಗೆ ಹಿರಿಯರ ಕಾಲಿಗೆರಗಿ ಹರಕೆ ಪಡೆದ ಮೇಲೆ, ಈ ವರ್ಷ ನೀವು ಹೊಸದಾಗಿ ಏನು ತೊಡಗುವಿರಿ ಎಂದು ಅವರನ್ನು ಕೇಳಿ ನೋಡಬಹುದು. ಅದೇ ಪ್ರಶ್ನೆ ನಮ್ಮತ್ತಲೂ ತಿರುಗೀತು, ತಿರುಗಲಿ.