ಅಳತೆಯ ಹೊಣೆ: ಸೂಕ್ಷ್ಮ ಸಂವೇದಕ ಸಂಶೋಧನೆ ಮತ್ತು ದಾವಣಗೆರೆಯ ನಾಲ್ಕು ತಾಲ್ಲೂಕುಗಳು

ಭೌತಿಕ ಅಥವಾ ರಾಸಾಯನಿಕ ಬದಲಾವಣೆಯನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಸಾಧನವೇ ಸಂವೇದಕ. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನ ಅಚ್ಚು, ಕೊರೆತ ಮತ್ತು ಲೇಪನಗಳ ಸರಣಿಯಿಂದ ಇಂತಹ ಸಾವಿರಾರು ಸಾಧನಗಳನ್ನು ಒಮ್ಮೆಗೇ ರೂಪಿಸುವ ವಿದ್ಯೆಯು ಸೂಕ್ಷ್ಮ ರಚನಾ ತಂತ್ರವೆನಿಸಿದೆ. ಕರ್ನಾಟಕದಲ್ಲಿ ಈ ಕ್ಷೇತ್ರದ ಸಾಧನೆ ಗಣನೀಯವಾದುದು. ಆದರೆ ಆ ಸಾಧನೆಯನ್ನು ಅಳೆಯುವ ಮಾನದಂಡಗಳು ಸಾಧನಗಳಷ್ಟು ನಿಖರವಾಗಿವೆಯೇ ಎಂಬ ಪ್ರಶ್ನೆಯನ್ನು ವಿಮರ್ಶೆ ಎತ್ತಬೇಕಾಗಿದೆ.

ಒತ್ತಡಕ್ಕೆ ಒಳಗಾದ ಸಿಲಿಕಾನ್ ಮತ್ತು ಜರ್ಮೇನಿಯಂಗಳ ವಿದ್ಯುತ್ ರೋಧ ಗಮನಾರ್ಹವಾಗಿ ಬದಲಾಗುತ್ತದೆಂದು ಚಾರ್ಲ್ಸ್ ಸ್ಮಿತ್ 1954ರಲ್ಲಿ ತೋರಿಸಿದರು. ಸಿಲಿಕಾನನ್ನು ಯಾಂತ್ರಿಕ ವಸ್ತುವನ್ನಾಗಿ ಕಾಣಬೇಕೆಂಬ ಕರ್ಟ್ ಪೀಟರ್ಸನ್ನರ 1982ರ ಪ್ರಬಂಧ ಈ ಕ್ಷೇತ್ರಕ್ಕೆ ದಿಕ್ಕು ನೀಡಿತು. ಭಾರತದಲ್ಲಿ ಸ್ಮಾರ್ಟ್ ವಸ್ತುಗಳ ರಾಷ್ಟ್ರೀಯ ಕಾರ್ಯಕ್ರಮ 2000ದಲ್ಲಿ ಆರಂಭವಾಯಿತು. ಅದನ್ನೂ ಅದರ ಮುಂದುವರಿಕೆಯಾದ ಸೂಕ್ಷ್ಮ ವ್ಯವಸ್ಥೆಗಳ ಕಾರ್ಯಕ್ರಮವನ್ನೂ ಮುನ್ನಡೆಸಿದವರಲ್ಲಿ ಕನ್ನಡಿಗರಾದ ವಿ. ಕೆ. ಆತ್ರೆ ಪ್ರಮುಖರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ರೂಪುಗೊಂಡ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವು ತನ್ನ ನಿರ್ಮಲ ಕೊಠಡಿಯನ್ನು ಹೊರಗಿನ ಸಂಶೋಧಕರಿಗೂ ತೆರೆಯಿತು. ಇವೆಲ್ಲವೂ ಅಡಿಪಾಯದ ಕೆಲಸಗಳೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ಕ್ಷೇತ್ರದ ಪ್ರಬಂಧಗಳು ಮುಖ್ಯವಾಗಿ ಹೇಳುವುದು ಸೂಕ್ಷ್ಮತೆ, ಪ್ರತಿಕ್ರಿಯೆಯ ವೇಗ ಮತ್ತು ಗುರುತಿಸಬಲ್ಲ ಕನಿಷ್ಠ ಪ್ರಮಾಣಗಳನ್ನು. ಸಾಧನಕ್ಕೆ ಕವಚ ತೊಡಿಸುವುದು, ಮಾಪನಾಂಕ ನಿರ್ಣಯ, ವರ್ಷಗಳ ಬಳಕೆಯಲ್ಲಿ ಅಳತೆ ಸರಿಯುವ ಪ್ರಮಾಣ, ಇವು ಕೊನೆಯ ಪರಿಚ್ಛೇದಕ್ಕೆ ಉಳಿದುಬಿಡುತ್ತವೆ. ವಾಸ್ತವದಲ್ಲಿ ಸಂವೇದಕದ ವೆಚ್ಚದ ದೊಡ್ಡ ಭಾಗವೂ ವೈಫಲ್ಯದ ದೊಡ್ಡ ಭಾಗವೂ ಇರುವುದು ಇಲ್ಲಿಯೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಪರೀಕ್ಷಾಸ್ಥಳಗಳೆಂದು ಭಾವಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಚನ್ನಗಿರಿ ಅಡಿಕೆ ತೋಟಗಳ ನಾಡು. ಸೂಳೆಕೆರೆಯೆಂದು ಪ್ರಸಿದ್ಧವಾದ ಶಾಂತಿಸಾಗರ ಇರುವುದು ಇಲ್ಲಿಯೇ. ಮಣ್ಣಿನ ತೇವವನ್ನು ಅಳೆಯುವ ಧಾರಕ ಸಂವೇದಕವು ಒಂದು ಸರಳ ವ್ಯತ್ಯಾಸವನ್ನು ಅವಲಂಬಿಸಿದೆ: ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಮಣ್ಣಿನ ಖನಿಜಗಳದ್ದು 3ರಿಂದ 5. ಆದರೆ ಎರೆಮಣ್ಣಿನ ಜೇಡಿ ಕಣಗಳಿಗೆ ಬಿಗಿಯಾಗಿ ಅಂಟಿದ ನೀರು ಹಾಗೆ ವರ್ತಿಸುವುದಿಲ್ಲ. ಲವಣಾಂಶವೂ ಸಂಕೇತವನ್ನು ಕೆಡಿಸುತ್ತದೆ. ಕೆಂಪು ಮಣ್ಣಿಗೆ ಹೊಂದಿಸಿದ ಸಾಧನ ಎರೆಭೂಮಿಯಲ್ಲಿ ತಪ್ಪು ಹೇಳುವುದು ಸಾಧನದ ದೋಷವಲ್ಲ, ಮಾಪನಾಂಕ ನಿರ್ಣಯದ ಕೊರತೆ.

ಬರಪೀಡಿತ ಜಗಳೂರಿನಲ್ಲಿ ಕೊಳವೆಬಾವಿಯ ನೀರೇ ಬಹುಕಾಲ ಆಸರೆಯಾಗಿತ್ತು. ಆ ನೀರಿನ ಫ್ಲೋರೈಡ್ ಇಲ್ಲಿನ ಹಳೆಯ ಸಮಸ್ಯೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಇದರ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂ. ಲ್ಯಾಂಥನಂ ಫ್ಲೋರೈಡ್ ಹರಳಿನ ವಿದ್ಯುದಗ್ರ 1966ರಿಂದ ಬಳಕೆಯಲ್ಲಿದೆ. ಅದನ್ನು ಚಿಪ್ಪಿಗೆ ಇಳಿಸುವ ಪ್ರಯತ್ನಗಳೂ ನಡೆದಿವೆ. ಆದರೆ ಅಲ್ಯೂಮಿನಿಯಂ, ಕಬ್ಬಿಣಗಳು ಫ್ಲೋರೈಡನ್ನು ಬಂಧಿಸಿದರೆ ಅಳತೆ ಕಡಿಮೆಯಾಗಿ ತೋರುತ್ತದೆ. ಕ್ಷಾರತೆ ಅತಿಯಾದರೆ ಹೆಚ್ಚಾಗಿ ತೋರಬಹುದು. ಪ್ರಯೋಗಾಲಯದಲ್ಲಿ ಸಮತೋಲಕ ದ್ರಾವಣ ಬೆರೆಸಿ ಇದನ್ನು ನಿವಾರಿಸುತ್ತಾರೆ. ಹಳ್ಳಿಯ ನೀರಿನ ಘಟಕದಲ್ಲಿ ಅದನ್ನು ನಿತ್ಯ ಬೆರೆಸುವವರು ಯಾರು? ಪ್ರಬಂಧ ಈ ಪ್ರಶ್ನೆಗೆ ಉತ್ತರಿಸದಿದ್ದರೆ ಸಂಶೋಧನೆ ಅರ್ಧಕ್ಕೆ ನಿಂತಂತೆ.

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಅಳತೆಯು ಬೆಲೆಯ ರೂಪ ತಾಳುತ್ತದೆ. ಬೆಂಬಲ ಬೆಲೆಗೆ ಮೆಕ್ಕೆಜೋಳದ ತೇವಾಂಶ ಶೇ. 14ನ್ನು ಮೀರಬಾರದು. ಕಾಳಿನ ತಾಪ ಮತ್ತು ತಳಿಗೆ ತಕ್ಕಂತೆ ತಿದ್ದದ ತೇವಾಂಶ ಮಾಪಕ ಒಂದೆರಡು ಅಂಶ ತಪ್ಪಿದರೂ ನಷ್ಟ ರೈತನದು. ತುಂಗೆ ಭದ್ರೆಯರು ಕೂಡ್ಲಿಯಲ್ಲಿ ಸೇರಿದ ಬಳಿಕ ನದಿ ಹೊನ್ನಾಳಿಯ ಅಂಚಿನಲ್ಲಿ ಹರಿಯುತ್ತದೆ. ಇಲ್ಲಿ ನೀರಿನ ಮಟ್ಟ ಅಳೆಯಲು ಸಿಲಿಕಾನ್ ಪೊರೆಯ ಒತ್ತಡ ಸಂವೇದಕ ತಕ್ಕದ್ದೇ. ಆದರೆ ವಾಯುಭಾರದ 1 ಹೆಕ್ಟೊಪಾಸ್ಕಲ್ ಬದಲಾವಣೆಯನ್ನು ಕಳೆಯದಿದ್ದರೆ ಸುಮಾರು 1 ಸೆಂಟಿಮೀಟರ್ ತಪ್ಪು ಉಳಿಯುತ್ತದೆ. ಪ್ರವಾಹದ ಹೂಳು ತುಂಬಿದರೆ ಸಾಧನವೇ ಮೌನವಾಗುತ್ತದೆ.

ಅಳತೆಗೂ ಹಕ್ಕಿಗೂ ಇರುವ ಸಂಬಂಧ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಇನ್ನಷ್ಟು ನೇರವಾಗಿದೆ. ಇಲ್ಲಿ ಪರಿಹಾರವನ್ನು ನಿರ್ಧರಿಸುವುದು ಹೊಲದ ಇಳುವರಿಯಲ್ಲ, ಮಾಪಕದ ದಾಖಲೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ದೂರಸಂವೇದಿ ಮಳೆಮಾಪಕಗಳನ್ನು ಹರಡಿರುವುದು ದೇಶಕ್ಕೇ ಮಾದರಿ. ಆದರೂ ಗುಡ್ಡದ ಒಂದು ಮಗ್ಗುಲಲ್ಲಿ ಸುರಿದ ಮಳೆ ಇನ್ನೊಂದು ಮಗ್ಗುಲಿಗೆ ಬಾರದಿರುವುದು ಬಯಲುಸೀಮೆಯ ಅನುಭವ. ಈ ಅಂತರವನ್ನು ತುಂಬಲು ಅಗ್ಗದ, ದಟ್ಟವಾದ, ನಂಬಲರ್ಹ ಸಂವೇದಕಗಳು ಬೇಕು. ಸೂಕ್ಷ್ಮ ರಚನಾ ತಂತ್ರದ ನಿಜವಾದ ಸಾಮಾಜಿಕ ಸಾರ್ಥಕತೆ ಇರುವುದು ಇಲ್ಲಿಯೇ.

ಇದು ಅಸಾಧ್ಯವೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಚಿಪ್ ಆಧಾರಿತ ಟ್ರೂನ್ಯಾಟ್ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕ್ಷಯ ಪತ್ತೆಗೆ ಅನುಮೋದಿಸಿತು. ಬ್ಯಾಟರಿಯಿಂದಲೂ ನಡೆಯಬಲ್ಲ ಈ ಸಾಧನವು ಪ್ರಾಥಮಿಕ ಆರೋಗ್ಯ ಕೇಂದ್ರದ ಮಿತಿಗಳನ್ನೇ ವಿನ್ಯಾಸದ ಷರತ್ತುಗಳನ್ನಾಗಿ ಸ್ವೀಕರಿಸಿತು. ಚಿಪ್ಪಿನ ಜಾಣ್ಮೆಗಿಂತ ಈ ಕ್ರಮದಲ್ಲಿಯೇ ಅದರ ಯಶಸ್ಸಿನ ಗುಟ್ಟಿದೆ.

ಆದುದರಿಂದ ಸಂವೇದಕ ಸಂಶೋಧನೆಯ ಮೌಲ್ಯಮಾಪನದಲ್ಲಿ ಕ್ಷೇತ್ರದ ಫಲಿತಾಂಶವೂ ಸೇರಬೇಕು. ಕನಿಷ್ಠ ಒಂದು ಮುಂಗಾರು ಮತ್ತು ಒಂದು ಬೇಸಿಗೆಯ ಅಳತೆ, ಮಣ್ಣಿನ ಬಗೆವಾರು ತಿದ್ದುಪಡಿ, ದುರಸ್ತಿಯ ದಾಖಲೆ, ಇವು ಪ್ರಬಂಧದ ಅಂಗಗಳಾಗಬೇಕು. ಕೃಷಿ ವಿಶ್ವವಿದ್ಯಾಲಯಗಳೂ ತಾಲ್ಲೂಕಿನ ಎಂಜಿನಿಯರಿಂಗ್ ಬೋಧಕರೂ ಸಹಭಾಗಿಗಳಾಗಬೇಕು. ಬಳಸುವವರ ನುಡಿಯಲ್ಲಿ, ಅಂದರೆ ಕನ್ನಡದಲ್ಲಿ, ಅಳತೆಯ ಮಿತಿಯನ್ನೂ ತಿಳಿಸಬೇಕು. ತನ್ನ ತಪ್ಪಿನ ಪ್ರಮಾಣವನ್ನು ಹೇಳದ ಮಾಪಕವನ್ನು ವಿಜ್ಞಾನ ಒಪ್ಪುವುದಿಲ್ಲ; ಆ ನಿಯಮ ಸಂಶೋಧನೆಗೂ ಅನ್ವಯಿಸುತ್ತದೆ.